ಚೀನಾದೇಶದ ದೂರದೃಷ್ಟಿ

ನಮ್ಮಲ್ಲಿ ನಾಲ್ಕು ಮಂದಿ ವಿದ್ಯಾವಂತರು ಸೇರಿ ರಾಜಕೀಯ ವಿಚಾರವನ್ನೆತ್ತಿದರೆಂದರೆ ಚೀನಾದೇಶದ ಪ್ರಸ್ತಾಪ ಬಾರದೆ ಇರುವುದಿಲ್ಲ. ಬಂದೊಡನೆಯೆ ಒಂದು ಮಾತು ತಪ್ಪದೆ ಹೊರಡುತ್ತದೆ: “ನಾವು ಮುಂದಿನ ಚುನಾವಣೆಯನ್ನು ನೋಡುತ್ತೇವೆ, ಚೀನೀಯರು ಮುಂದಿನ ಶತಮಾನವನ್ನು ನೋಡುತ್ತಾರೆ.” ಈ ಮಾತನ್ನಾಡುವವರಲ್ಲಿ ಎರಡು ಪಂಗಡಗಳುಂಟು. ಒಂದು ಪಂಗಡದವರು ಇದನ್ನು ಭಯದಿಂದ ಹೇಳುತ್ತಾರೆ. ಗಡಿಯಲ್ಲಿ ಒಂದು ಗುಡಾರವೆದ್ದರೂ, ಸಮುದ್ರದಾಚೆ ಒಂದು ಬಂದರು ಕಟ್ಟಲ್ಪಟ್ಟರೂ, ಅದು ನೂರು ವರ್ಷದ ಹಿಂದೆಯೆ ಹೂಡಿದ ವ್ಯೂಹದ ಒಂದು ಹೆಜ್ಜೆಯೆಂದು ಅವರಿಗೆ ತೋರುತ್ತದೆ. ಇನ್ನೊಂದು ಪಂಗಡದವರು ಇದನ್ನು ಮೆಚ್ಚಿಕೆಯಿಂದ ಹೇಳುತ್ತಾರೆ. ಹೇಳಿ, “ನಮಗೂ ಅಂಥ ಒಂದು ಬಿಗಿಯಾದ ಕೈ ಬೇಕು, ಈ ಮತದ ಪೆಟ್ಟಿಗೆಯ ಗದ್ದಲವೆಲ್ಲ ಸಾಕು” ಎಂದು ನಿಟ್ಟುಸಿರು ಬಿಡುತ್ತಾರೆ. ಅಂಜುವವರೂ ಮೆಚ್ಚುವವರೂ ಹೊರಗೆ ಒಬ್ಬರಿಗೊಬ್ಬರು ವಿರೋಧಿಗಳಂತೆ ಕಂಡರೂ ವಾಸ್ತವವಾಗಿ ಒಂದೇ ಗುಡಿಯ ಭಕ್ತರು. ಆ ಗುಡಿಯ ಬಾಗಿಲು ತೆಗೆದು ಒಳಗೆ ಯಾವ ದೇವರಿದೆಯೆಂದು ನೋಡಿದವರು ಕಡಮೆ. ಇಂದು ನಾನು ಮಾಡಬಯಸಿರುವುದು ಅಷ್ಟೆ. ಇದರಿಂದ ಕೆಲವು ಮಿತ್ರರಿಗೆ ಅಸಮಾಧಾನವಾದೀತು; ಆಗಲಿ.

ಈ ನಂಬಿಕೆಗೆ ಬೆಂಬಲವಾಗಿ ಬಹುಕಾಲದಿಂದ ಒಂದು ಕಥೆ ಪ್ರಚಾರದಲ್ಲಿದೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗಿಗೆ ಹೋಗಿದ್ದಾಗ, ಫ್ರಾನ್ಸಿನ ಕ್ರಾಂತಿಯ ಪರಿಣಾಮ ಏನೆಂಬ ಪ್ರಶ್ನೆ ಬಂದಿತಂತೆ. ಚೀನದ ಪ್ರಧಾನಿ ಚೌ ಎನ್-ಲಾಯ್, ಅದನ್ನು ಹೇಳುವ ಕಾಲ ಇನ್ನೂ ಬಂದಿಲ್ಲವೆಂದು ಉತ್ತರಕೊಟ್ಟನಂತೆ. 1789ರಲ್ಲಿ ನಡೆದುದನ್ನು ಕುರಿತು ಹೀಗೆ ಹೇಳಬಲ್ಲವನು ಎಂಥ ದೀರ್ಘದರ್ಶಿಯಾಗಿರಬೇಕು! ಈ ಕಥೆಯನ್ನು ಹೇಳದೆ ಚೀನವನ್ನು ಕುರಿತು ಭಾಷಣ ಮಾಡಿದವರೆ ಇಲ್ಲವೆನ್ನಬಹುದು. ಆದರೆ ಆ ದಿನ ದುಭಾಷಿಯಾಗಿ ಅಲ್ಲಿಯೆ ಇದ್ದ ಚಾಸ್ ಫ್ರೀಮನ್ ಎಂಬ ರಾಯಭಾರಿ 2011ರಲ್ಲಿ ಗುಟ್ಟನ್ನು ಬಿಟ್ಟುಕೊಟ್ಟರು: ಚೌ ಮಾತಾಡಿದುದು 1789ರ ವಿಷಯವನ್ನಲ್ಲ, 1968ರಲ್ಲಿ ಪ್ಯಾರಿಸಿನಲ್ಲಿ ವಿದ್ಯಾರ್ಥಿಗಳು ಎಬ್ಬಿಸಿದ ಗಲಭೆಯ ವಿಷಯವನ್ನು. ನಾಲ್ಕು ವರ್ಷದ ಹಿಂದಿನ ಸಂಗತಿಯನ್ನು ಕುರಿತು, ಈಗಲೇ ಹೇಳಲಾಗದೆಂದು ಹೇಳುವುದಕ್ಕೆ ಋಷಿಯಾಗಬೇಕಾದುದಿಲ್ಲ. ಯಾವ ಊರಿನ ಶ್ಯಾನುಭೋಗರಾದರೂ ಹಾಗೆ ಹೇಳುತ್ತಾರೆ. ಕಥೆಯನ್ನು ತಿದ್ದಬೇಕೆಂದು ತನಗೆ ತೋರಲಿಲ್ಲವೆಂದೂ, ಅದು ಅಷ್ಟು ಸೊಗಸಾಗಿತ್ತೆಂದೂ ಫ್ರೀಮನ್ನರು ಸೇರಿಸಿದರು. ಸೊಗಸಾದ ಸುಳ್ಳಿಗೆ ಆಯುಸ್ಸು ಹೆಚ್ಚು.

ಕಥೆಯನ್ನು ಬಿಟ್ಟವರು ಗ್ರಂಥವನ್ನು ಹಿಡಿಯುತ್ತಾರೆ. ಸುನ್‌ಜಿಯೆಂಬ ಪ್ರಾಚೀನನ ಯುದ್ಧಶಾಸ್ತ್ರವನ್ನು ಎದುರಿಗಿಟ್ಟುಕೊಂಡು, ಚೀನದ ಇಂದಿನ ಮಂತ್ರಿಗಳ ನಡೆಯೆಲ್ಲ ಅದರ ಭಾಷ್ಯವೆಂದು ತೋರಿಸುವುದು ಒಂದು ವಿದ್ಯೆಯಾಗಿ ಬೆಳೆದಿದೆ. ಕನ್ನಡಿಗರಾದ ನಾವು ಈ ವಾದವನ್ನು ಕೇಳಿ ನಗಬೇಕಾದುದು ಸಹಜ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ 1905ರಲ್ಲಿ ಬಂದ ತಾಳೆಯೋಲೆಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅಚ್ಚುಹಾಕಿಸಿ, ಲೋಕಕ್ಕೆ ಕೊಟ್ಟರು. ಸುನ್‌ಜಿಗೆ ಕುಟಿಲತೆಯಲ್ಲಾಗಲಿ ಸೂಕ್ಷ್ಮತೆಯಲ್ಲಾಗಲಿ ಕೌಟಿಲ್ಯ ಸೋಲುವವನಲ್ಲ. ಅಷ್ಟರಿಂದ ದಿಲ್ಲಿಯ ಸಚಿವಾಲಯದಿಂದ ಹೊರಡುವ ಪ್ರತಿಯೊಂದು ಕಾಗದವೂ ಮಂಡಲ ಸಿದ್ಧಾಂತಾನುಸಾರವಾಗಿ ಹೊರಡುತ್ತದೆಂದು ನಮ್ಮಲ್ಲಿ ಯಾರಾದರೂ ನಂಬುವರೆ? ಹಳೆಯ ಪುಸ್ತಕವಿರುವುದು ಬೇರೆ. ಅದರಂತೆ ನಡೆಯುವುದು ಬೇರೆ. ನಮ್ಮ ವಿಷಯದಲ್ಲಿ ಇದು ಸುಲಭವಾಗಿ ತಿಳಿಯುತ್ತದೆ. ಚೀನದ ವಿಷಯದಲ್ಲಿ ತಿಳಿಯದಿರುವುದಕ್ಕೆ ಕಾರಣ, ದೂರದ ಬೆಟ್ಟ ನುಣ್ಣಗಿರುವುದೇ ಹೊರತು ಬೇರೆಯಲ್ಲ.

ಹತ್ತಿರ ಹೋಗಿ ನೋಡೋಣ. 1957ರ ನವೆಂಬರಿನಲ್ಲಿ ಮಾಸ್ಕೋ ನಗರದಲ್ಲಿ ಮಾವೋ ತ್ಸೆ-ತುಂಗನು, ಹದಿನೈದು ವರ್ಷದೊಳಗೆ ಉಕ್ಕಿನ ಉತ್ಪತ್ತಿಯಲ್ಲಿ ಇಂಗ್ಲೆಂಡನ್ನು ಮೀರಿಸುವೆವೆಂದು ಸಾರಿದನು. ಮರುವರ್ಷವೆ “ಮಹಾ ಮುನ್ನೆಗೆತ” ಆರಂಭವಾಯಿತು. ರೈತರನ್ನೆಲ್ಲ ಸಾಮೂಹಿಕ ಗ್ರಾಮಗಳಿಗೆ ಸೇರಿಸಿ, ಮನೆಮನೆಯ ಒಲೆಯನ್ನಾರಿಸಿ, ಹಿತ್ತಿಲಲ್ಲಿ ಕುಲುಮೆಗಳನ್ನು ಹೂಡಿ, ಅಡಿಗೆಯ ಬಾಣಲೆಯನ್ನೂ ಬಾಗಿಲ ಚಿಲಕವನ್ನೂ ಅದರಲ್ಲಿ ಕರಗಿಸಿದರು. ಬಂದ ಲೋಹದಲ್ಲಿ ಬಹುಭಾಗ ಯಾವ ಕೆಲಸಕ್ಕೂ ಬರಲಿಲ್ಲ. ಕಾಳು ತಿನ್ನುವುದೆಂಬ ಅಪರಾಧಕ್ಕಾಗಿ ಗುಬ್ಬಚ್ಚಿಗಳನ್ನು ದೇಶಾದ್ಯಂತ ಕೊಂದರು. ಗುಬ್ಬಚ್ಚಿ ತಿನ್ನುತ್ತಿದ್ದ ಹುಳುಗಳು ಆಮೇಲೆ ಬೆಳೆಯನ್ನು ತಿಂದುವು. 1960ರಲ್ಲಿ ಗುಬ್ಬಚ್ಚಿಯ ಹೆಸರನ್ನು ಶತ್ರುಗಳ ಪಟ್ಟಿಯಿಂದ ತೆಗೆದು ಆ ಜಾಗದಲ್ಲಿ ತಿಗಣೆಯನ್ನು ಸೇರಿಸಿದರು. ಮೇಲಿನವರು ಹೆಚ್ಚು ಕೇಳಿದುದರಿಂದ ಕೆಳಗಿನವರು ಹೆಚ್ಚು ಬರೆದರು. ಕಾಗದದ ಮೇಲೆ ಬೆಳೆದ ಧಾನ್ಯದ ಲೆಕ್ಕಕ್ಕೆ ಗದ್ದೆಯಲ್ಲಿ ಬೆಳೆದ ಧಾನ್ಯವನ್ನು ಕಂದಾಯವಾಗಿ ಕೊಂಡುಹೋದರು. ರೈತನ ಕಣಜದಲ್ಲಿ ಉಳಿದುದು ಲೆಕ್ಕದ ಕಾಗದ ಮಾತ್ರ.

1959ರ ಜುಲೈಯಲ್ಲಿ ಕಿಯಾಂಗ್ಸಿ ಪ್ರಾಂತದ ಲೂಷಾನ್ ಬೆಟ್ಟದ ಮೇಲೆ ಪಕ್ಷದ ಹಿರಿಯರು ಸಭೆ ಸೇರಿದರು. ಸಭೆಯ ಉದ್ದೇಶ ಈ ಅತಿರೇಕಗಳನ್ನು ಸ್ವಲ್ಪ ಸಡಿಲಿಸುವುದೆ ಆಗಿತ್ತು. ಆದ್ದರಿಂದ ಪರಿಹಾರ ಕೈಗೆ ಎಟುಕುವಷ್ಟು ಹತ್ತಿರ ಬಂದಿತ್ತೆನ್ನಬೇಕು. ರಕ್ಷಣಾ ಮಂತ್ರಿಯಾಗಿದ್ದ ಪೆಂಗ್ ತೆ-ಹ್ವಾಯ್, ರೈತನ ಮಗ, ಕೊರಿಯದ ಯುದ್ಧದಲ್ಲಿ ಚೀನದ ಸೈನ್ಯವನ್ನು ನಡೆಸಿದ ಸೇನಾನಿ, ತಾನು ಹಳ್ಳಿಗಳಲ್ಲಿ ಕಂಡುದನ್ನು ಮಾವೋಗೆ ಒಂದು ಖಾಸಗಿ ಕಾಗದದಲ್ಲಿ ವಿನಯದಿಂದಲೇ ಬರೆದನು. ಮಾವೋ ಅದನ್ನು ಅಚ್ಚುಮಾಡಿಸಿ ಸಭಿಕರಿಗೆಲ್ಲ ಹಂಚಿಸಿದನು. ಅನಂತರ ನಡೆದುದು ವಿಚಾರವಲ್ಲ, ಬೇಟೆ. ಪೆಂಗನು ಪಕ್ಷದ್ರೋಹಿಯೆನಿಸಿ ಪದಚ್ಯುತನಾದನು. ಅವನ ಸ್ಥಾನಕ್ಕೆ ಲಿನ್ ಪಿಯಾವೋ ಬಂದನು. ಸತ್ಯವನ್ನು ಹೇಳಿದ ಸೇನಾನಿಗೆ ಇಂಥ ಗತಿಯಾದುದನ್ನು ನೋಡಿದ ಮೇಲೆ ಯಾವ ಜಿಲ್ಲೆಯ ಅಧಿಕಾರಿ ತಾನೆ “ನಮ್ಮಲ್ಲಿ ಅನ್ನವಿಲ್ಲ” ಎಂದು ಬರೆದಾನು? ಸಡಿಲಿಸಬೇಕೆಂದಿದ್ದ ಹಗ್ಗವನ್ನು ಮತ್ತೆ ಬಿಗಿದರು. ಆ ವರ್ಷ ಚೀನವು ಸುಮಾರು 40 ಲಕ್ಷ ಟನ್ ಧಾನ್ಯವನ್ನು ಪರದೇಶಗಳಿಗೆ ರಫ್ತುಮಾಡಿತು. ಮುಂದಿನ ವರ್ಷ, 1960, ಸಾವಿನ ಲೆಕ್ಕದಲ್ಲಿ ಎಲ್ಲಕ್ಕಿಂತ ಘೋರವಾದುದು. ಆ ಕ್ಷಾಮದಲ್ಲಿ ಒಟ್ಟು ಸತ್ತವರು ಒಂದೂವರೆ ಕೋಟಿಯೆಂದು ಕೆಲವರೂ, ಮೂರು ಕೋಟಿಯೆಂದು ಹಲವರೂ, ನಾಲ್ಕೂವರೆ ಕೋಟಿಯೆಂದು ಇನ್ನು ಕೆಲವರೂ ಲೆಕ್ಕ ಹಾಕಿದ್ದಾರೆ. ಪೆಂಗನಾದರೋ ಸಾಂಸ್ಕೃತಿಕ ಕ್ರಾಂತಿಯೆಂಬ ಇನ್ನೊಂದು ಉತ್ಪಾತದಲ್ಲಿ ಹೊಡೆತ ಬಡಿತಗಳನ್ನು ತಿಂದು 1974ರಲ್ಲಿ ಸತ್ತನು. ಅವನ ಮೇಲಿನ ಕಳಂಕವನ್ನು 1978ರಲ್ಲಿ ತೊಡೆದರು.

ನೂರು ವರ್ಷ ಮುಂದೆ ನೋಡುವ ಕಣ್ಣು, ಕಾಲ ಬುಡದಲ್ಲಿ ಬಿದ್ದ ಕೋಟಿ ಹೆಣಗಳನ್ನು ಕಾಣದೆ ಹೋದುದು ಹೇಗೆ? ಕಾಣಲಿಲ್ಲವೆಂದಲ್ಲ, ಕಂಡವನನ್ನು ಹೊರಗೆ ಹಾಕಿದರು. ಇದೇ ನನ್ನ ವಾದದ ತಿರುಳು. ಅಮರ್ತ್ಯ ಸೇನರು ಇದನ್ನೆ ಬಹಳ ಹಿಂದೆ ತೋರಿಸಿಕೊಟ್ಟರು: 1943ರ ಬಂಗಾಳದ ಕ್ಷಾಮವಾದ ಮೇಲೆ, ಸ್ವತಂತ್ರ ಭಾರತದಲ್ಲಿ ಅಂಥ ಮಹಾಕ್ಷಾಮ ಸಂಭವಿಸದಿರುವುದಕ್ಕೆ ಬಾಯಿಬಿಡಬಲ್ಲ ಪತ್ರಿಕೆಗಳೂ ಪ್ರಶ್ನಿಸಬಲ್ಲ ಪ್ರತಿಪಕ್ಷಗಳೂ ಕಾರಣ. ಪ್ರಾಮಾಣಿಕತೆಯ ದೃಷ್ಟಿಯಿಂದ ಸೇನರ ಮಾತಿನ ಉಳಿದರ್ಧವನ್ನೂ ಹೇಳಬೇಕು. ದಿನದಿನದ ಅರೆಹೊಟ್ಟೆಯಲ್ಲಿ, ರೋಗದಲ್ಲಿ, ನಿರಕ್ಷರತೆಯಲ್ಲಿ ನಾವು ಸದ್ದಿಲ್ಲದೆ ಕಳೆದುಕೊಂಡ ಜೀವಗಳ ಲೆಕ್ಕ ಚೀನದ ಕ್ಷಾಮದ ಲೆಕ್ಕಕ್ಕಿಂತ ಕಿರಿದಲ್ಲವೆಂದೂ, ಶಾಲೆ ಆಸ್ಪತ್ರೆಗಳ ವಿಷಯದಲ್ಲಿ ಚೀನ ನಮ್ಮನ್ನು ನಾಚಿಸಿತೆಂದೂ ಅವರು ಹೇಳಿದರು. ಅದು ನಿಜ. ಆದರೆ ಚೀನವನ್ನು ಮೆಚ್ಚುವ ನಮ್ಮ ಮಿತ್ರರು ಕೇಳುತ್ತಿರುವುದು ಆ ಶಾಲೆಗಳನ್ನಲ್ಲ, ಆ ಬಿಗಿಯಾದ ಕೈಯನ್ನು.

ಹಳೆಯ ಮಾತಾಯಿತು, ಮಾವೋನ ಕಾಲದ ಹುಚ್ಚು ಅವನೊಡನೆ ಹೋಯಿತೆಂದು ಯಾರಾದರೂ ಹೇಳಬಹುದು. ಹಾಗಾದರೆ ಜನಸಂಖ್ಯೆಯ ವಿಚಾರವನ್ನು ತೆಗೆದುಕೊಳ್ಳಿ. ದೀರ್ಘದೃಷ್ಟಿಗೆ ಇದಕ್ಕಿಂತ ತಕ್ಕ ಒರೆಗಲ್ಲು ಇಲ್ಲ, ಏಕೆಂದರೆ ಇಂದು ಹುಟ್ಟದ ಮಗು ಇಪ್ಪತ್ತು ವರ್ಷದ ಮೇಲೆ ದುಡಿಯಲಾರದೆಂಬುದನ್ನು ತಿಳಿಯಲು ಪಂಚಾಂಗವೊಂದೆ ಸಾಕು. ಬೀಜಿಂಗ್ ವಿಶ್ವವಿದ್ಯಾಲಯದ ಅಧ್ಯಕ್ಷನಾಗಿದ್ದ ಮಾ ಯಿನ್-ಚು ಎಂಬ ಅರ್ಥಶಾಸ್ತ್ರಜ್ಞ 1957ರಲ್ಲಿ, ಜನಸಂಖ್ಯೆ ಬಹು ವೇಗವಾಗಿ ಏರುತ್ತಿದೆ, ಮೆಲ್ಲಗೆ ಹಿಡಿತಕ್ಕೆ ತರಬೇಕೆಂದು ಸೂಚಿಸಿದನು. ಮುದುಕನನ್ನು ಬಯ್ದು 1960ರಲ್ಲಿ ಮನೆಗೆ ಕಳುಹಿಸಿದರು. ತಪ್ಪಾಯಿತೆಂದು ಒಪ್ಪಿಕೊಂಡುದು 1979ರಲ್ಲಿ, ಅವನಿಗೆ ತೊಂಬತ್ತು ದಾಟಿದ್ದಾಗ. ಅಲ್ಲಿಂದ ಗಡಿಯಾರದ ಲೋಲಕ ಮತ್ತೊಂದು ಕೊನೆಗೆ ಹಾರಿತು. 1980ರ ಸೆಪ್ಟೆಂಬರಿನಲ್ಲಿ, ಮನೆಗೊಂದೇ ಮಗುವೆಂಬ ಕಟ್ಟಳೆಗೆ ಪಕ್ಷವು ಬಹಿರಂಗ ಪತ್ರದ ಮೂಲಕ ಕರೆಕೊಟ್ಟಿತು. ಅದಕ್ಕೆ ಲೆಕ್ಕ ಒದಗಿಸಿದವರಲ್ಲಿ ಮುಖ್ಯನಾದ ಸುಂಗ್ ಜಿಯಾನ್ ಕ್ಷಿಪಣಿಗಳ ನಿಯಂತ್ರಣದಲ್ಲಿ ಪಂಡಿತ. ಕ್ಷಿಪಣಿಯ ಹಾದಿಯನ್ನು ಗುಣಿಸುವಂತೆ ಗರ್ಭವನ್ನೂ ಗುಣಿಸಬಹುದೆಂದು ಅವನು ಭಾವಿಸಿದನು. ವಿರೋಧಿಸುವ ಹಕ್ಕುಳ್ಳ ಸಭೆಯಾಗಲಿ ಪತ್ರಿಕೆಯಾಗಲಿ ಇಲ್ಲದಿದ್ದುದರಿಂದ ಆ ಗಣಿತ ನೇರವಾಗಿ ಹಳ್ಳಿಯ ಮನೆಗಳೊಳಕ್ಕೆ ನುಗ್ಗಿತು. ಬಲಾತ್ಕಾರದ ಗರ್ಭಪಾತಗಳೂ ಹೆಣ್ಣುಶಿಶುಗಳ ನಾಶವೂ ಅದರ ಫಲಗಳು. ಕಟ್ಟಳೆ ತೊಲಗಿದುದು 2016ರ ಮೊದಲ ದಿನ, ಇಬ್ಬರಿಗೆ ಅನುಮತಿ ಬಂದಿತು, 2021ರಲ್ಲಿ ಮೂವರಿಗೆ. ಆದರೆ ಹೆರುವವರು ಒಪ್ಪಲಿಲ್ಲ. 2016ರಲ್ಲಿ ಒಂದೂಮುಕ್ಕಾಲು ಕೋಟಿಗೆ ಮಿಕ್ಕು ಶಿಶುಗಳು ಹುಟ್ಟಿದ ದೇಶದಲ್ಲಿ 2023ರಲ್ಲಿ ಹುಟ್ಟಿದವು ಸುಮಾರು 90 ಲಕ್ಷ. 2022ರಲ್ಲಿ, ಆ ಕ್ಷಾಮದ ಕಾಲದ ತರುವಾಯ ಮೊದಲ ಬಾರಿಗೆ, ಚೀನದ ಜನಸಂಖ್ಯೆ ಇಳಿಯಿತು. ಬೇಡವೆಂದಾಗಲೂ ಸರಕಾರ ಬಾಗಿಲ ಬಳಿ ನಿಂತಿತ್ತು, ಬೇಕೆಂದಾಗಲೂ ನಿಂತಿದೆ. ಒಳಗಿನವರು ಏನೆನ್ನುತ್ತಾರೆಂದು ಮೊದಲೇ ಕೇಳುವ ಅಭ್ಯಾಸ ಮಾತ್ರ ಅದಕ್ಕಿಲ್ಲ.

ಪರರಾಷ್ಟ್ರ ನೀತಿಯಲ್ಲಿಯಾದರೂ ಆ ಸಹಸ್ರವರ್ಷದ ಸ್ಥಿರತೆ ಇದೆಯೆ? 1950ರ ಫೆಬ್ರವರಿಯಲ್ಲಿ ರಷ್ಯದೊಡನೆ ಮೈತ್ರಿಯ ಕೌಲು. 1960ರಲ್ಲಿ ರಷ್ಯದ ತಜ್ಞರೆಲ್ಲರ ನಿರ್ಗಮನ. 1969ರ ಮಾರ್ಚಿನಲ್ಲಿ ಉಸ್ಸೂರಿ ನದಿಯ ಒಂದು ಸಣ್ಣ ದ್ವೀಪಕ್ಕಾಗಿ ಅದೇ ರಷ್ಯದೊಡನೆ ಗುಂಡಿನ ಕಾಳಗ. 1971ರಲ್ಲಿ ನಿನ್ನೆಯ ತನಕ ಪರಮಶತ್ರುವಾಗಿದ್ದ ಅಮೆರಿಕದ ಕಿಸಿಂಜರನಿಗೆ ಗುಟ್ಟಿನ ಆತಿಥ್ಯ. ವಿಯೆಟ್ನಾಮನ್ನು ತುಟಿಗೆ ಹಲ್ಲಿನಂತೆ ಹತ್ತಿರದ ದೇಶವೆಂದು ಹೊಗಳಿ, ಅಮೆರಿಕದ ವಿರುದ್ಧ ವರ್ಷಗಟ್ಟಲೆ ಆಯುಧ ಧಾನ್ಯಗಳನ್ನು ಕೊಟ್ಟು, 1979ರ ಫೆಬ್ರವರಿಯಲ್ಲಿ ಅದೇ ವಿಯೆಟ್ನಾಮಿಗೆ ಪಾಠ ಕಲಿಸುವೆವೆಂದು ಲಕ್ಷಾಂತರ ಸೈನ್ಯವನ್ನು ನುಗ್ಗಿಸಿದರು. ಒಂದು ತಿಂಗಳೊಳಗೆ ಹಿಂದಿರುಗಿದರು. ವಿಯೆಟ್ನಾಮಿನ ಸೈನ್ಯ ಕಾಂಬೋಡಿಯವನ್ನು ಬಿಟ್ಟುದು ಹತ್ತು ವರ್ಷದ ಮೇಲೆ. ಮೂವತ್ತು ವರ್ಷಗಳಲ್ಲಿ ಮಿತ್ರರೆಲ್ಲ ಶತ್ರುಗಳೂ ಶತ್ರು ಮಿತ್ರನೂ ಆದ ಈ ಓಟವನ್ನು ದೀರ್ಘಯೋಜನೆಯೆಂದು ಕರೆಯುವುದಾದರೆ, ಗಾಳಿಗೆ ತಿರುಗುವ ಗಿರಗಟ್ಟೆಯನ್ನೂ ಹಾಗೆಯೆ ಕರೆಯಬಹುದು. ರಾಷ್ಟ್ರಗಳು ಹೀಗೆ ತಿರುಗುವುದು ಪಾಪವೆಂದು ನಾನು ಹೇಳುತ್ತಿಲ್ಲ, ಎಲ್ಲರೂ ತಿರುಗುತ್ತಾರೆ. ಚೀನವೂ ಎಲ್ಲರಂತೆ ಎಂದಷ್ಟೆ ನನ್ನ ಮಾತು.

ಇತ್ತೀಚಿನದೂ ಇದೇ ಬಗೆಯದು. ಕೊರೋನಾ ಪಿಡುಗಿನ ಮೂಲವನ್ನು ವಿಚಾರಿಸಬೇಕೆಂದು 2020ರಲ್ಲಿ ಆಸ್ಟ್ರೇಲಿಯ ಕೇಳಿದುದಕ್ಕೆ ಅದರ ಬಾರ್ಲಿಯ ಮೇಲೆಯೂ ದ್ರಾಕ್ಷಾಮದ್ಯದ ಮೇಲೆಯೂ ಭಾರಿ ಸುಂಕ ಹೇರಿದರು. ಆಸ್ಟ್ರೇಲಿಯ ಬಗ್ಗಲಿಲ್ಲ, ಬದಲಾಗಿ 2021ರ ಸೆಪ್ಟೆಂಬರಿನಲ್ಲಿ ಅಮೆರಿಕ ಇಂಗ್ಲೆಂಡುಗಳೊಡನೆ ಸೇರಿ ಅಣುಶಕ್ತಿಯ ಜಲಾಂತರ್ಗಾಮಿ ನೌಕೆಗಳಿಗೆ ಒಪ್ಪಂದ ಮಾಡಿಕೊಂಡಿತು. 2023ರಲ್ಲಿ ಬಾರ್ಲಿಯ ಸುಂಕವನ್ನೂ 2024ರಲ್ಲಿ ಮದ್ಯದ ಸುಂಕವನ್ನೂ ಬೀಜಿಂಗೇ ಹಿಂದಕ್ಕೆ ತೆಗೆದುಕೊಂಡಿತು. ನೌಕೆಗಳ ಒಪ್ಪಂದ ಹಾಗೆಯೆ ನಿಂತಿತು. ಇನ್ನು ಸಿಂಹಳದ ಹಂಬನ್‌ತೋಟ ಬಂದರು: ಸಾಲದ ಬಲೆ ಬೀಸಿ ಬಂದರು ಕಸಿದುಕೊಂಡರೆಂದು ಅಂಜುವ ಪಂಗಡದವರು ಹೇಳುವುದು ವಾಡಿಕೆ. 2017ರಲ್ಲಿ 99 ವರ್ಷದ ಗುತ್ತಿಗೆಯಾದುದು ನಿಜ. ಆದರೆ ಬಂದ 112 ಕೋಟಿ ಡಾಲರಿನಿಂದ ಬಂದರಿನ ಸಾಲ ರದ್ದಾಗಲಿಲ್ಲ. ಆ ಹಣ ಕೊಲಂಬೋವಿನ ವಿದೇಶೀ ನಾಣ್ಯದ ಕೊರತೆಗೆ ಹೋಯಿತು. 2022ರಲ್ಲಿ ಸಿಂಹಳ ದಿವಾಳಿಯೆದ್ದಾಗ ಆ “ಬಲೆಗಾರ”ರೂ ಉಳಿದ ಸಾಲಗಾರರಂತೆ ವಸೂಲಿಗಾಗಿ ಕಾದು ಕುಳಿತರು.

ಚೀನದ ಏಳ್ಗೆಯನ್ನು ನಾನು ಅಲ್ಲಗಳೆಯುತ್ತಿದ್ದೇನೆಂದು ಯಾರೂ ತಿಳಿಯಬಾರದು. 2008ರಲ್ಲಿ ಬೀಜಿಂಗಿನಿಂದ ತಿಯೆಂಜಿನ್‌ಗೆ ಮೊದಲ ಅತಿವೇಗದ ರೈಲು ಓಡಿಸಿದವರು 2024ರ ಅಂತ್ಯಕ್ಕೆ ಅಂಥ ಹಾದಿಯನ್ನು 48,000 ಕಿಲೋಮೀಟರಿಗೆ ಬೆಳೆಸಿದರು. ಅಪರೂಪದ ಖನಿಜಗಳ ಮೇಲೆ 2025ರಲ್ಲಿ ರಫ್ತಿನ ಹತೋಟಿ ಹಾಕಿ ಅಮೆರಿಕವನ್ನು ಸಂಧಾನಕ್ಕೆ ಕೂಡಿಸಿದರು. ಇದರ ಹಿಂದೆ ದಶಕಗಳ ಗಣಿಗಾರಿಕೆಯ ತಾಳ್ಮೆ ಇದ್ದುದನ್ನು ಒಪ್ಪದವನು ಮೂರ್ಖ. ಆದರೆ ಈ ಎಲ್ಲ ಏಳ್ಗೆಯ ಬೀಜ ಎಲ್ಲಿ ಬಿದ್ದಿತು? 1978ರ ಚಳಿಗಾಲದಲ್ಲಿ ಆನ್‌ಹ್ವೇಯ್ ಪ್ರಾಂತದ ಶಿಯಾವೋಕಾಂಗ್ ಎಂಬ ಹಳ್ಳಿಯಲ್ಲಿ ಹದಿನೆಂಟು ಮಂದಿ ರೈತರು ರಾತ್ರಿಯಲ್ಲಿ ಗುಟ್ಟಾಗಿ ಸೇರಿ, ಸಾಮೂಹಿಕ ಭೂಮಿಯನ್ನು ತಮ್ಮತಮ್ಮಲ್ಲಿ ಹಂಚಿಕೊಂಡು, ಸಿಕ್ಕಿಬಿದ್ದವನ ಮಕ್ಕಳನ್ನು ಉಳಿದವರು ಸಾಕುವುದೆಂದು ಬರೆದು ಹೆಬ್ಬೆಟ್ಟೊತ್ತಿದರು. ಮರುವರ್ಷ ಬೆಳೆ ಹಿಂದೆಂದೂ ಕಾಣದಷ್ಟು ಬಂದಿತು. ತಂಗ್ ಷಿಯಾವೋ-ಪಿಂಗನ ಹಿರಿಮೆಯೆಲ್ಲ ಅದನ್ನು ತಡೆಯದೆ ಬಿಟ್ಟುದರಲ್ಲಿದೆ. ಹಳ್ಳಿಯ ಉದ್ದಿಮೆಗಳು ಬೆಳೆದ ಬಗೆಯನ್ನು ತಾನಾಗಲಿ ತನ್ನ ಸಂಗಡಿಗರಾಗಲಿ ಮೊದಲೇ ಊಹಿಸಿರಲಿಲ್ಲವೆಂದೂ, ಅದು ತನ್ನ ಸಾಧನೆಯಲ್ಲವೆಂದೂ ಅವನೇ 1987ರಲ್ಲಿ ಹೇಳಿಕೊಂಡನು. ಮುಂಗಾಣದಿದ್ದುದನ್ನು ಒಪ್ಪಿಕೊಂಡ ಆ ಮುದುಕನೇ ಅವರೆಲ್ಲರಲ್ಲಿ ಹೆಚ್ಚು ಕಂಡವನು.

ಇಂದಿನ ಬೀಜಿಂಗು ಆ ವಿವೇಕದಿಂದ ದೂರ ಸರಿಯುತ್ತಿದೆ. 2020ರ ಜನವರಿಯಲ್ಲಿ ವೂಹಾನ್ ನಗರದ ವೈದ್ಯ ಲಿ ವೆನ್-ಲಿಯಾಂಗ್, ಹೊಸ ರೋಗ ಬಂದಿದೆಯೆಂದು ತನ್ನ ಸಹಾಧ್ಯಾಯಿಗಳಿಗೆ ಎಚ್ಚರಿಕೆ ಕೊಟ್ಟುದಕ್ಕಾಗಿ, ಪೋಲೀಸರ ಮುಂದೆ ತಪ್ಪೊಪ್ಪಿಗೆಗೆ ಸಹಿಹಾಕಬೇಕಾಯಿತು. ಫೆಬ್ರವರಿ 7ರಂದು ಅದೇ ರೋಗದಿಂದ ಸತ್ತನು. ಪೆಂಗನ ಕಾಗದಕ್ಕೂ ಈ ವೈದ್ಯನ ಎಚ್ಚರಿಕೆಗೂ ನಡುವೆ ಅರುವತ್ತು ವರ್ಷಗಳ ಅಂತರ. ಮೂರು ವರ್ಷ ಊರುಗಳನ್ನು ಬೀಗಹಾಕಿಟ್ಟು, 2022ರ ಡಿಸೆಂಬರಿನಲ್ಲಿ, ಮುದುಕರಿಗೆ ಸಾಕಷ್ಟು ಲಸಿಕೆ ಹಾಕಿ ಮುಗಿಸುವ ಮೊದಲೆ, ಒಂದೇ ವಾರದಲ್ಲಿ ಬೀಗ ತೆಗೆದುಬಿಟ್ಟರು. 2023ರ ಜೂನಿನಲ್ಲಿ ನಗರದ ಯುವಕರಲ್ಲಿ ನಿರುದ್ಯೋಗ ನೂರಕ್ಕೆ 21.3ಕ್ಕೆ ಏರಿತು, ಆಗಸ್ಟಿನಲ್ಲಿ ಆ ಅಂಕೆಯನ್ನು ಪ್ರಕಟಿಸುವುದನ್ನೆ ನಿಲ್ಲಿಸಿ, ಕೆಲವು ತಿಂಗಳ ಮೇಲೆ ಬೇರೆ ಬಗೆಯ ಎಣಿಕೆಯಿಂದ ಮತ್ತೆ ಆರಂಭಿಸಿದರು. ಅದೇ ವರ್ಷ, ನೇಮಕವಾಗಿ ಒಂದು ವರ್ಷವೂ ತುಂಬದೆ, ಪರರಾಷ್ಟ್ರ ಮಂತ್ರಿ ಛಿನ್ ಗಾಂಗನೂ ರಕ್ಷಣಾ ಮಂತ್ರಿ ಲಿ ಷಾಂಗ್-ಫುವೂ ಇಬ್ಬರೂ ಮೊದಲು ಕಣ್ಮರೆಯಾಗಿ ಆಮೇಲೆ ಪದಚ್ಯುತರಾದರು. ಸ್ವತಃ ಆರಿಸಿಕೊಂಡ ಮಂತ್ರಿಗಳನ್ನು ಹತ್ತು ತಿಂಗಳ ಮಟ್ಟಿಗೆ ಅಳೆಯಲಾರದವರು ನೂರು ವರ್ಷವನ್ನು ಅಳೆದಿಟ್ಟಿದ್ದಾರೆಂದು ನಮ್ಮವರು ಹೇಳುವುದನ್ನು ಕೇಳಿದರೆ ಆ ಮಂತ್ರಿಗಳೂ ನಕ್ಕಾರು.

ಇದರಿಂದ ನಮಗೇನು? ಬಹಳವುಂಟು. 1954ರ ಏಪ್ರಿಲಿನಲ್ಲಿ ಪಂಚಶೀಲಕ್ಕೆ ಸಹಿಹಾಕಿದಾಗ ನಾವು ಮೆಚ್ಚುವ ಪಂಗಡಕ್ಕೆ ಸೇರಿದ್ದೆವು. 1962ರ ನವೆಂಬರಿನಿಂದ ಅಂಜುವ ಪಂಗಡಕ್ಕೆ ಸೇರಿದೆವು. ಎರಡು ಸ್ಥಿತಿಗಳಲ್ಲಿಯೂ ಅಲ್ಲಿ ಯಾರು ಯಾರೊಡನೆ ಜಗಳವಾಡುತ್ತಿದ್ದಾರೆ, ಯಾವ ತಪ್ಪನ್ನು ಯಾರು ಮುಚ್ಚುತ್ತಿದ್ದಾರೆಂದು ಕೇಳಿದವರು ನಮ್ಮಲ್ಲಿ ಬೆರಳೆಣಿಕೆಯಷ್ಟು. 2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಮಂದಿ ಯೋಧರು ಸತ್ತರು. ಚೀನ ತನ್ನ ಕಡೆ ನಾಲ್ವರು ಸತ್ತರೆಂದು ಹೇಳಿದುದು ಎಂಟು ತಿಂಗಳ ಮೇಲೆ. ಅದರ ಫಲವಾಗಿ ಬೀಜಿಂಗು ಗಳಿಸಿದುದೇನು? ಚೀನದ ಆಪ್‌ಗಳು ನಮ್ಮಲ್ಲಿ ನಿಷಿದ್ಧವಾದುವು. ಅಮೆರಿಕ, ಜಪಾನ್, ಆಸ್ಟ್ರೇಲಿಯಗಳೊಡನೆ ಕೂಡಲು ಹಿಂದೆ ಮುಂದೆ ನೋಡುತ್ತಿದ್ದ ದಿಲ್ಲಿ 2021ರ ಮಾರ್ಚಿನಲ್ಲಿ ಆ ನಾಲ್ವರ ನಾಯಕಸಭೆಯಲ್ಲಿ ಕುಳಿತಿತು. ಹತ್ತಾರು ಸಾವಿರ ಸೈನಿಕರು ಎರಡು ಕಡೆಗಳಲ್ಲಿಯೂ ನಾಲ್ಕು ಚಳಿಗಾಲ ಹಿಮದಲ್ಲಿ ನಿಂತರು. 2024ರ ಅಕ್ಟೋಬರಿನಲ್ಲಿ ಗಸ್ತಿನ ಒಪ್ಪಂದವಾಯಿತು. ಇದನ್ನು ಸುನ್‌ಜಿಯ ಚಾತುರ್ಯವೆಂದು ನಂಬಿದವನು ಎದುರಾಳಿಯ ತಪ್ಪನ್ನು ತಪ್ಪೆಂದು ಗುರುತಿಸಲಾರ. ಗುರುತಿಸಲಾರದವನಿಗೆ ಅದರ ಲಾಭವನ್ನು ಪಡೆಯುವ ಬಗೆಯೂ ತಿಳಿಯದು. ಅದೇ ಹೊತ್ತಿನಲ್ಲಿ 2024-25ರಲ್ಲಿ ಚೀನದಿಂದ ನಾವು ಕೊಂಡ ಸರಕು 11,300 ಕೋಟಿ ಡಾಲರನ್ನು ಮೀರಿತು. ಇದಕ್ಕೆ ಅವರ ದೂರದೃಷ್ಟಿಯನ್ನು ಕಾರಣ ಹೇಳುವುದು ನಮ್ಮ ಕಾರ್ಖಾನೆಗಳ ಕೊರತೆಯನ್ನು ಮುಚ್ಚುವುದಕ್ಕೆ ಒಳ್ಳೆಯ ಹೊದಿಕೆ.

ಬಿಗಿಯಾದ ಕೈಯನ್ನು ಬಯಸುವ ಮಿತ್ರರಿಗೆ ಇನ್ನೊಂದು ಮಾತುಂಟು. ಒಬ್ಬನೇ ಎರಡು ಅವಧಿಗಿಂತ ಹೆಚ್ಚು ಕಾಲ ಅಧ್ಯಕ್ಷನಾಗಿರಕೂಡದೆಂಬ ವಿಧಿಯನ್ನು ಚೀನೀಯರೆ 1982ರಲ್ಲಿ ತಮ್ಮ ಸಂವಿಧಾನದಲ್ಲಿ ಬರೆದಿದ್ದರು; ಮಾವೋನ ಕಾಲವನ್ನು ಬದುಕಿ ದಾಟಿದವರು ಬರೆದ ವಿಧಿ ಅದು. 2018ರ ಮಾರ್ಚ್ 11ರಂದು ಷಿ ಜಿನ್-ಪಿಂಗನಿಗಾಗಿ ಅದನ್ನು ಹೊಡೆದುಹಾಕಿದರು. ಪರವಾಗಿ 2,958 ಮತಗಳು ಬಂದುವು, ಮೂವರು ತಟಸ್ಥರಾದರು, ವಿರುದ್ಧವಾಗಿ ಇಬ್ಬರು ಮತಕೊಟ್ಟರು. ಮತ ಗುಪ್ತವಾಗಿತ್ತು, ಆ ಇಬ್ಬರು ಯಾರೆಂಬುದು ಹೊರಗೆ ಬರಲಿಲ್ಲ.